ಬಾಣಂತನದ ಖರ್ಚು

ತವರು ಎಂದೊಡನೆ ನಮ್ಮ ಹೆಂಗಸರ ಮುಖ ಅರಳುತ್ತದೆ. ಎಣ್ಣೆನೀರು, ಬಿಸಿಯೂಟ, ಮಗುವನ್ನು ಎತ್ತಿಕೊಳ್ಳಲು ಹತ್ತು ಕೈ. ಆದರೆ ಮಗಳ ಬಾಣಂತನ ಮಾಡಿದ ತಾಯಿಯನ್ನು ಕೇಳಿದರೆ ಇನ್ನೊಂದು ಲೆಕ್ಕ ಹೊರಬೀಳುತ್ತದೆ: ತುಪ್ಪಕ್ಕೆಷ್ಟು, ಔಷಧಿಗೆಷ್ಟು, ನಿದ್ದೆಗೆಟ್ಟ ರಾತ್ರಿಗಳೆಷ್ಟು. ಪ್ರೀತಿ ಇದ್ದಲ್ಲಿ ಖರ್ಚೂ ಇರುತ್ತದೆ. ಆ ಖರ್ಚಿನ ಮಾತೆತ್ತಿದರೆ ಪ್ರೀತಿಗೆ ಕುಂದು ಬರುತ್ತದೆಯೆ? ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ಹಕ್ಕಿ ನೋಡಲು ಹೋದ ಒಂದು ಹಳ್ಳಿಯಲ್ಲಿ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಶಿಂಷಾ ನದಿಗೆ ಹತ್ತಿರದ ಊರು. ಇಲ್ಲಿ ಹಕ್ಕಿಗಳಿಗೆಂದು ಬೇರೆ ಕಾಡಿಲ್ಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಜನರ ಹಿತ್ತಲಿನ, ಬೀದಿಬದಿಯ ಹುಣಿಸೆ, ಆಲ, ಅರಳಿ ಮರಗಳಲ್ಲಿ. ಅವು ಇಲ್ಲಿಗೆ ಬರುವುದೂ ಇಂದು ನಿನ್ನೆಯ ಮಾತಲ್ಲ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮೂಲಕ ಈ ಊರಿನ ಸಂಗತಿ ಹೊರಜಗತ್ತಿಗೆ ತಿಳಿಯಿತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ನಾನೂ ನನ್ನ ನಾದಿನಿಯೂ ಹೋದದ್ದು ಶಿವರಾತ್ರಿಗೆ ಮುಂಚೆ, ಚಳಿ ಹಿಂದೆಗೆಯುವ ಹೊತ್ತಿನಲ್ಲಿ. ಮರದ ತಲೆಯ ತುಂಬ ಗೂಡುಗಳು, ಗೂಡಿನ ತುಂಬ ಬಾಯ್ದೆರೆದ ಮರಿಗಳು. ತಾಯಿಹಕ್ಕಿಯ ಗಂಟಲಿನ ಚೀಲದೊಳಕ್ಕೆ ಹೆಜ್ಜಾರ್ಲೆಯ ಮರಿ ತಲೆ ತೂರಿಸಿ ಮೀನು ತಿನ್ನುವುದನ್ನು ನೋಡುತ್ತ ಕತ್ತು ನೋಯುವವರೆಗೆ ನಿಂತೆವು. ಕೆಳಗೆ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದ ಮುದುಕಿಯೊಬ್ಬರು ನಕ್ಕು, “ಹೆಣ್ಮಕ್ಳು ಬಾಣ್ತನಕ್ಕೆ ಬಂದವೆ ಕಣವ್ವ” ಎಂದರು. ಇದು ಇಡೀ ಊರಿನ ಮಾತು. ಹಕ್ಕಿಗಳು ತವರಿಗೆ ಬಂದ ಹೆಣ್ಣುಮಕ್ಕಳು. ಅವು ಬಂದರೆ ಊರಿಗೆ ಒಳ್ಳೆಯದು ಎಂಬುದು ಅವರ ನಂಬಿಕೆ.

ಆದರೆ ಅದೇ ಹೊತ್ತಿನಲ್ಲಿ ಹುಣಿಸೆಯೂ ಹಣ್ಣಾಗುತ್ತದೆ. ಗಳುವಿನಿಂದ ಬಡಿದು ಹಣ್ಣು ಉದುರಿಸಿದರೆ ಗೂಡು ಉಳಿಯದು. ಬಡಿಯದೆ ಬಿಟ್ಟರೆ ಹಿಕ್ಕೆ ಬಿದ್ದು ಹಣ್ಣು ಕೆಡುತ್ತದೆ. ಮರದವರು ಫಸಲನ್ನು ಬಿಟ್ಟುಕೊಡಬೇಕು. ಆ ನಷ್ಟಕ್ಕೆಂದು ಅರಣ್ಯ ಇಲಾಖೆ ಮರಗಳ ಲೆಕ್ಕದಲ್ಲಿ ಒಂದಿಷ್ಟು ಪರಿಹಾರ ಕೊಡುವ ಪದ್ಧತಿ ಇದೆ.

ಇದನ್ನು ಕೇಳಿದ ನನ್ನ ನಾದಿನಿಯ ಉತ್ಸಾಹ ಇಳಿಯಿತು. “ಹಾಗಾದರೆ ದುಡ್ಡು ತಗೊಂಡು ಮರ ಬಿಟ್ಟಿದ್ದಾರೆ ಅನ್ನಿ ಅತ್ತಿಗೆ. ಇದರಲ್ಲಿ ಧರ್ಮ ಎಲ್ಲಿ ಬಂತು?” ಎಂದಳು.

ಅವಳ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕೂಲಿ ಪಡೆದ ಕೆಲಸವನ್ನು ದಾನವೆನ್ನಲಾಗದು. ಆದರೆ ಪರಿಹಾರದ ಮಾತು ಹುಟ್ಟುವ ಮೊದಲೇ ಆ ಮರಗಳಲ್ಲಿ ಗೂಡುಗಳಿದ್ದವು. ದುಡ್ಡು ಬಂದದ್ದು ಪ್ರೀತಿಯ ಹಿಂದಿನಿಂದ. ಇನ್ನೊಂದು ಮಾತು. ಮೂವತ್ತು ವರ್ಷ ನಾನು ಸಂಬಳ ಪಡೆದೇ ಪಾಠ ಹೇಳಿದ್ದೇನೆ. ಸಂಬಳ ಬಂತೆಂದು ಮಕ್ಕಳ ಮೇಲಿನ ನನ್ನ ಮಮತೆ ಸುಳ್ಳೆಂದು ಯಾರೂ ಹೇಳಲಿಲ್ಲ. ತಿಂಗಳ ಸಂಬಳದವರಿಗೆ ಒಪ್ಪುವ ನ್ಯಾಯ ಹುಣಿಸೆಮರದ ಒಡತಿಗೆ ಯಾಕೆ ಒಪ್ಪಬಾರದು? ಇಲ್ಲದವರು ಕೈಯಿಂದ ಕಳೆದುಕೊಂಡೇ ಒಳ್ಳೆಯವರಾಗಬೇಕು ಎಂದು ಬಯಸುವವರು ಹೆಚ್ಚಾಗಿ ತಾವು ಏನನ್ನೂ ಕಳೆದುಕೊಳ್ಳದವರು. ಮನೆಯೊಳಗೂ ಇದೇ ಕಥೆ ತಾನೆ? ತಾಯಿಯ ತ್ಯಾಗವನ್ನು ಹೊಗಳುವ ಬಾಯಿ, ಅವಳು ಸುಸ್ತಾಗಿದೆ ಎಂದ ದಿನ ಸುಮ್ಮನಾಗುತ್ತದೆ.

ಹಾಗೆಂದು ದುಡ್ಡು ಎಲ್ಲವನ್ನೂ ತೂಗಲಾರದು. ಗೂಡಿನಿಂದ ಕೆಳಗೆ ಬಿದ್ದ ಮರಿಯನ್ನು ತಾಯಿಹಕ್ಕಿ ಮತ್ತೆ ಮೇಲಕ್ಕೆ ಒಯ್ಯಲಾರದು. ಅಂಥ ಮರಿಗಳನ್ನು ಎತ್ತಿ ತಂದು, ಆವರಣದಲ್ಲಿಟ್ಟು, ಮೀನು ತಿನ್ನಿಸಿ ಸಾಕಲು ಊರಿನವರೇ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಹಿಕ್ಕೆಯ ನಾತ, ಹಗಲಿರುಳಿನ ಗದ್ದಲ, ಅಂಗಳ ಗುಡಿಸಿದಷ್ಟೂ ಮತ್ತೆ ಕೊಳೆಯಾಗುವುದು, ಇವು ಯಾವ ರಸೀತಿಯಲ್ಲೂ ಬರುವುದಿಲ್ಲ. ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರವೇನೋ ಹೌದು; ಆದರೆ ಅದನ್ನು ಗುಡಿಸಿ ಒಟ್ಟುವ ಕೈಯೂ ಯಾರದೋ ಹೆಂಗಸಿನದೇ.

ಆದ್ದರಿಂದ ನನಗೆ ತೋರುವುದಿಷ್ಟು. ನಷ್ಟವನ್ನು ತುಂಬಿಕೊಡುವುದು ಪ್ರೀತಿಗೆ ಕಟ್ಟುವ ಬೆಲೆಯಲ್ಲ. ಪ್ರೀತಿಸುವವರು ಸೋತುಹೋಗದಂತೆ ಕೊಡುವ ಆಸರೆ. ಅದಾದ ಮೇಲೂ ಅವರು ಹೆಚ್ಚಾಗಿ ಕೊಡುವುದೇನಿದೆಯೋ ಅದೇ ಧರ್ಮ. ದೂರದಿಂದ ಬಂದು, ಕಣ್ತುಂಬ ನೋಡಿ, “ಎಷ್ಟು ಚೆನ್ನಾಗಿದೆ” ಎಂದು ಬಸ್ಸು ಹತ್ತುವ ನಾವು ಅವರ ಧರ್ಮವನ್ನು ಅಳೆಯುವ ಮೊದಲು ನಮ್ಮ ಪಾಲು ಎಷ್ಟೆಂದು ಕೇಳಿಕೊಳ್ಳುವುದು ಮೇಲು. ಸಾರಿಗೆ ಹಾಕುವ ಹುಣಿಸೆಹಣ್ಣಿಗೆ ಅಂಗಡಿಯಲ್ಲಿ ತೂಕ ನೋಡಿ ದುಡ್ಡು ಕೊಡುತ್ತೇವೆ. ಹಕ್ಕಿಗಾಗಿ ಕೀಳದೆ ಮರದಲ್ಲೇ ಬಿಟ್ಟ ಹುಣಿಸೆಯ ಲೆಕ್ಕದಲ್ಲಿ ನಮ್ಮ ಹೆಸರಿನ ಬಾಕಿಯೂ ಇದೆ.