ಯಂತ್ರ ಬರೆದ ಮಾತಿಗೆ ಅಂಕಿತ ಯಾರದು?



ಅಮೆರಿಕದ ಸಂಸ್ಥೆಯೊಂದು ೨೦೨೨ರ ನವೆಂಬರಿನಲ್ಲಿ ಚಾಟ್ ಜಿಪಿಟಿ ಎಂಬ ಕೃತಕ ಬುದ್ಧಿಯ ಯಂತ್ರವನ್ನು ಜನರ ಬಳಕೆಗೆ ಬಿಟ್ಟಿತು. ಈಗ ಅಂಥವು ಹಲವು ಇವೆ. ಮಕ್ಕಳ ಪ್ರಬಂಧ, ಬ್ಯಾಂಕಿನ ಅರ್ಜಿ, ಲಗ್ನಪತ್ರಿಕೆಯ ಒಕ್ಕಣೆ, ಏನು ಕೇಳಿದರೂ ಮೊಬೈಲಿನಲ್ಲೇ ಬರೆದುಕೊಡುತ್ತವೆ. ಜನರು ಬರೆದಿಟ್ಟ ಅಪಾರ ಬರಹವನ್ನು ಅರೆದುಕೊಂಡು, ಒಂದು ಪದದ ಮುಂದೆ ಯಾವ ಪದ ಬರಬಹುದೆಂಬ ಲೆಕ್ಕದ ಮೇಲೆ ಅವು ನಡೆಯುತ್ತವೆ. ಕಡಲೆಕಾಯಿ ಬಿತ್ತಿ ಮುಗಿಲು ನೋಡಿದ ಅನುಭವ ಅವಕ್ಕಿಲ್ಲ.

ಹಾಗೆಂದು ಯಂತ್ರವೇ ಬೇಡವೆನ್ನಲಾಗದು. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಓಲೆಗರಿ ಕೂಡಿಸಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಅಚ್ಚಿನ ಯಂತ್ರದಿಂದಲೇ ಶರಣರ ಮಾತು ನಮ್ಮ ಮನೆ ತಲುಪಿತು. ಆದರೆ ಅದು ಶರಣರ ಮಾತನ್ನು ಹೊತ್ತು ತಂದಿತೇ ಹೊರತು ಶರಣರ ಬದಲಿಗೆ ತಾನು ಮಾತಾಡಲಿಲ್ಲ.

ಈ ಭೇದವನ್ನು ನಾವು ಹಿಡಿದಿಟ್ಟುಕೊಳ್ಳಬೇಕು. ೨೦೨೨ರಲ್ಲಿ ಅನಂತಪುರ ಜಿಲ್ಲೆ ಒಡೆದು ಮಡಕಶಿರಾ, ಗುಡಿಬಂಡೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಯಾವುದಾದರೂ ಕಚೇರಿಯ ಕಾಗದ ತೆಲುಗಿನದು. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಯಂತ್ರ ಅದನ್ನು ಕನ್ನಡದಲ್ಲಿ ತಿಳಿಸಿದರೆ ಉಪಕಾರವೇ. ಸರ್ವೆ ನಂಬರು, ಹಣದ ಮೊತ್ತಗಳನ್ನು ಮಾತ್ರ ತಿಳಿದವರಿಂದ ಇನ್ನೊಮ್ಮೆ ನೋಡಿಸಬೇಕು. ಯಂತ್ರ ತಪ್ಪನ್ನೂ ಧೈರ್ಯವಾಗಿ ಹೇಳುತ್ತದೆ.

ಕಲಿಕೆಯ ಮಾತು ಬೇರೆ. ಮೇಷ್ಟರಿಗೆ ಬೇಕಾದದ್ದು ಮಗುವಿನ ಯೋಚನೆ. ಹಾಳೆ ತುಂಬುವುದು ಅದಕ್ಕೊಂದು ನೆಪ. ತಡವರಿಸಿ, ಅಳಿಸಿ, ಮತ್ತೆ ಬರೆದಾಗಲೇ ಬುದ್ಧಿ ಪಳಗುತ್ತದೆ. ಪಕ್ಕದ ಹೊಲದವರು ಉತ್ತರೆ ನಮ್ಮ ಹೋರಿ ನೊಗಕ್ಕೆ ಪಳಗೀತೇ?

ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆ ಗೊತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಅದನ್ನು ತಂದಲ್ಲಿಗೇ ಹಾಕಿಬರಲು ಕಳಿಸಿದರು. ನೆಲಕ್ಕೆ ಬಿದ್ದ ಅಕ್ಕಿಗೆ ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಆ ತಾಯಿ ತಾವೇ ಕೇಳಿಕೊಂಡರು. ಪುಕ್ಕಟೆ ಸಿಕ್ಕ ಬರಹಕ್ಕೆ ನಮ್ಮ ಹೆಸರು ಹಾಕುವ ಮುನ್ನ ನಾವೂ ಅಷ್ಟು ಲೆಕ್ಕ ಕೇಳಿಕೊಳ್ಳಬೇಡವೇ? ಶರಣರು ವಚನದ ಕೊನೆಗೆ ಅಂಕಿತವಿಟ್ಟರು. ಈ ಮಾತಿನ ಹೊಣೆ ನನ್ನದು, ಇದನ್ನು ನಾನು ಬಾಳಿ ಕಂಡಿದ್ದೇನೆ ಎಂಬುದಕ್ಕೆ ಅದು ಸಾಕ್ಷಿ. ಯಂತ್ರಕ್ಕೆ ಹೊಣೆಯಿಲ್ಲ, ಆದ್ದರಿಂದ ಅಂಕಿತವೂ ಇಲ್ಲ.

ಗಡಿಯ ನಮಗೆ ಇನ್ನೊಂದು ಚಿಂತೆಯುಂಟು. ತೆಲುಗು ಬೆರೆತ ನಮ್ಮ ಮನೆಗನ್ನಡ ಪುಸ್ತಕಗಳಲ್ಲಿ ಸಿಕ್ಕುವುದು ಕಡಿಮೆ. ಯಂತ್ರಕ್ಕೂ ಅದರ ಪರಿಚಯ ಅಷ್ಟಕ್ಕಷ್ಟೇ. ಅದು ಬರೆಯುವ ಕನ್ನಡ ಮೈಸೂರಿಗೂ ಗುಡಿಬಂಡೆಗೂ ಒಂದೇ. ಇಲ್ಲಿ ಕನ್ನಡ ಉಳಿದಿರುವುದು ಬಹುಮಟ್ಟಿಗೆ ಮನೆಯವರ ಬಾಯಲ್ಲಿ, ಕೈಯಲ್ಲಿ. ಆ ಕೈಯೂ ನಿಂತರೆ ಮುಂದಿನ ಮಕ್ಕಳು ನಮ್ಮ ಮಾತನ್ನು ಯಾರಲ್ಲಿ ಕೇಳಬೇಕು?

ಆದ್ದರಿಂದ ಕಾಗದ ಓದಿಸಲು, ದರ ತಿಳಿಯಲು ಯಂತ್ರವನ್ನು ದುಡಿಸಿಕೊಳ್ಳಿ. ಮಗಳಿಗೆ ಬುದ್ಧಿಮಾತು, ಸಾವಿನ ಮನೆಗೆ ಸಾಂತ್ವನ, ನೆಂಟರಲ್ಲಿ ಕ್ಷಮೆ, ಇವನ್ನು ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ನೀವೇ ಬರೆಯಿರಿ.