ಕೈ ತಡೆಯುವ ವಿದ್ಯೆ

ಸೋದರಮಾವ ಐಸಿಯುನಲ್ಲಿದ್ದಾಗ ರಕ್ತ ಕೊಡಲೆಂದು ಊರಿನ ಹುಡುಗರು ಟೆಂಪೋ ಮಾಡಿಕೊಂಡು ಬಂದಿದ್ದರು. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದ ಸುದ್ದಿ ಊರೆಲ್ಲ ಹಬ್ಬಿತ್ತು. ಡಾಕ್ಟರು ಹೊರಗೆ ಬಂದು, "ಈಗ ರಕ್ತ ಬೇಡ. ಏಳಕ್ಕಿಂತ ಕೆಳಗೆ ಹೋದರೆ ನೋಡೋಣ" ಎಂದರು. ಅತ್ತೆಗೆ ಅದು ಆಸೆ ಬಿಟ್ಟ ಮಾತಿನಂತೆ ಕೇಳಿಸಿತು. "ಕೊಡೋಕೆ ಜನ ಸಾಲಾಗಿ ನಿಂತಿದಾರೆ, ಹಾಕೋಕೆ ಇವರಿಗೇನೋ ಕಷ್ಟ?" ಎಂದು ನನ್ನನ್ನು ಕೇಳಿದರು.

ಆ ಏಳರ ಲೆಕ್ಕದ ಹಿಂದೆ ಕೆನಡಾದ ಒಂದು ಅಧ್ಯಯನವಿದೆ. ಹಿಮೋಗ್ಲೋಬಿನ್ ಹತ್ತಕ್ಕಿಂತ ಇಳಿದರೆ ರಕ್ತ ಏರಿಸಬೇಕೆಂಬುದು ಬಹುಕಾಲದ ರೂಢಿಯಾಗಿತ್ತು. ಅಲ್ಲಿನ ವೈದ್ಯರು 838 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಹಳೆಯ ಹತ್ತರ ಗೆರೆ, ಇನ್ನೊಂದಕ್ಕೆ ಏಳರದು. 1999ರಲ್ಲಿ ಫಲಿತಾಂಶ ಹೊರಬಿತ್ತು. ಮೂವತ್ತು ದಿನದೊಳಗೆ ತೀರಿಕೊಂಡವರು ಹತ್ತರ ಗುಂಪಿನಲ್ಲಿ ಶೇ. 23.3, ಏಳರ ಗುಂಪಿನಲ್ಲಿ ಶೇ. 18.7. ಈ ಅಂತರ ಆಕಸ್ಮಿಕವೂ ಇರಬಹುದು. ಆದರೆ ಹೆಚ್ಚು ರಕ್ತದಿಂದ ಹೆಚ್ಚು ಜನ ಬದುಕಲಿಲ್ಲ ಎಂಬುದಂತೂ ಖಚಿತವಾಯಿತು. (ಹೃದಯಾಘಾತವಾದವರ ಲೆಕ್ಕ ಬೇರೆ, ಅಲ್ಲಿ ವೈದ್ಯರು ಇನ್ನೂ ಎಚ್ಚರದಿಂದಿರುತ್ತಾರೆ.)

ಐಸಿಯು ಬಾಗಿಲ ಹೊರಗೆ ಕೂತವರಿಗೆ ಅಂಕಿಗಳೇ ಪಂಚಾಂಗ. ಆಕ್ಸಿಜನ್ ಎಷ್ಟು, ಬಿಪಿ ಎಷ್ಟು ಎಂದು ನರ್ಸ್ ಹೊರಬಂದಾಗಲೆಲ್ಲ ಕೇಳುತ್ತೇವೆ. ಅಂಕಿ ಏರಿದರೆ ಕಾಫಿ ಕುಡಿಯಲು ಹೋಗುತ್ತೇವೆ. ಇಷ್ಟು ನೆಚ್ಚಿದ ಅಂಕಿಯೇ ವೈದ್ಯರನ್ನೂ ದಾರಿ ತಪ್ಪಿಸಿದ್ದುಂಟು. ಶ್ವಾಸಕೋಶ ಹದಗೆಟ್ಟವರಿಗೆ ವೆಂಟಿಲೇಟರ್ ಪ್ರತಿ ಉಸಿರಿಗೆ ಎಷ್ಟು ಗಾಳಿ ತಳ್ಳಬೇಕೆಂದು ಅಮೆರಿಕದಲ್ಲಿ 861 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಕೆಲವರಿಗೆ ಕಿಲೋಗೆ 12 ಮಿಲಿಲೀಟರ್, ಉಳಿದವರಿಗೆ 6. ಮೊದಲ ದಿನಗಳಲ್ಲಿ ಹೆಚ್ಚು ಗಾಳಿ ಪಡೆದವರ ಆಕ್ಸಿಜನ್ನೇ ಚೆನ್ನಾಗಿತ್ತು. ಕೊನೆಗೆ ಹೆಚ್ಚು ಸತ್ತವರೂ ಅವರೇ: ಶೇ. 39.8, ಇತ್ತ ಶೇ. 31. ಅಂಕಿಯನ್ನು ಚಂದ ಮಾಡುತ್ತಿದ್ದ ಅದೇ ಉಸಿರು, ಕಾಯಿಲೆಯಿಂದ ಕುಗ್ಗಿ ಉಳಿದ ಶ್ವಾಸಕೋಶವನ್ನು ಹಿಗ್ಗಿಸಿ ಗಾಯ ಮಾಡುತ್ತಿತ್ತು. 2000ದಲ್ಲಿ ಬಂದ ಈ ವರದಿಯಿಂದ ಯಾವ ಹೊಸ ಔಷಧಿಯೂ ಸಿಗಲಿಲ್ಲ. ಯಂತ್ರದ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ್ದಷ್ಟೇ.

ನನ್ನನ್ನು ಹೆಚ್ಚು ಕಲಕಿದ್ದು ಉಗಾಂಡಾ, ಕೀನ್ಯಾ, ಟಾಂಜಾನಿಯಾಗಳಲ್ಲಿ ನಡೆದ ಅಧ್ಯಯನ. ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿ ಬಂದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು. (ವಾಂತಿಭೇದಿಯ ಮಕ್ಕಳನ್ನು ಸೇರಿಸಿರಲಿಲ್ಲ.) ಇಂಥವರಿಗೆ ಬೇಗಬೇಗ ಡ್ರಿಪ್ ಏರಿಸಬೇಕೆಂಬುದು ಪಠ್ಯಪುಸ್ತಕದ ಪಾಠ. ಏರಿಸಿದ ಒಂದು ಗಂಟೆಯಲ್ಲಿ ಮಕ್ಕಳು ಚೇತರಿಸಿಕೊಂಡಂತೆಯೂ ಕಾಣುತ್ತಿದ್ದರು. ಆದರೆ 48 ಗಂಟೆಯಲ್ಲಿ ಹಾಗೆ ಡ್ರಿಪ್ ಏರಿಸಿದ ಗುಂಪುಗಳಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತಿದ್ದರು, ಹಾಗೆ ಏರಿಸದವರಲ್ಲಿ ಏಳು ಚಿಲ್ಲರೆ. 2011ರಲ್ಲಿ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ಕಣ್ಣೆದುರು ಮಗು ಚೇತರಿಸಿಕೊಳ್ಳುವುದನ್ನು ನೋಡಿದ ಡಾಕ್ಟರಿಗೆ ಮರುದಿನದ ಸಾವಿಗೆ ಕಾಯಿಲೆಯಷ್ಟೇ ಕಾರಣ ಎನಿಸದೆ ಇನ್ನೇನು? ಒಬ್ಬರ ಅನುಭವ ಎಷ್ಟೇ ದೊಡ್ಡದಿರಲಿ, ಇಂಥ ವ್ಯತ್ಯಾಸ ಅದಕ್ಕೆ ಕಾಣುವಂಥದ್ದಲ್ಲ.

ಚೀಟಿ ಎತ್ತಬೇಕಾದರೆ ಮೊದಲು ವೈದ್ಯರು, "ಯಾವುದು ಒಳ್ಳೆಯದೆಂದು ನಮಗೆ ಗೊತ್ತಿಲ್ಲ" ಎನ್ನಬೇಕು. ನಮ್ಮ ಮನೆಯವರು ಆ ಮಾತು ಕೇಳಿದ್ದರೆ ಅಂದೇ ಆಂಬುಲೆನ್ಸ್ ಕರೆಸಿ ಬೇರೆ ಆಸ್ಪತ್ರೆಗೆ ಹೊರಡುತ್ತಿದ್ದರು. ಆಫ್ರಿಕಾದ ಆ ತಾಯಿತಂದೆಯರಲ್ಲಿ ಕೆಲವರು ತುರ್ತಿನಲ್ಲಿ ಬಾಯಿಮಾತಿನ ಒಪ್ಪಿಗೆ ಕೊಟ್ಟರು, ಕಾಗದಕ್ಕೆ ಸಹಿ ಆಮೇಲೆ. ಜೀವ ಹೋಗುತ್ತಿರುವ ಮಗುವನ್ನು ಎತ್ತಿಕೊಂಡವರು 'ಹೂಂ' ಎಂದರೆ ಅದು ಒಪ್ಪಿಗೆಯೇ ಎಂದು ಕೇಳುವುದು ನ್ಯಾಯವೇ. ನನಗೂ ಅದು ಪೂರ್ತಿ ಸಮಾಧಾನದ ವಿಷಯವಲ್ಲ. ಆದರೂ ಅವರಿಗೆ ಒಂದು ಮಾತು ಹೇಳಿ ಕೇಳಿದವರಾದರೂ ಇದ್ದರು. ಅದಕ್ಕೂ ಮುಂಚೆ ಎಲ್ಲೆಲ್ಲೋ ರೂಢಿಯಂತೆ ಡ್ರಿಪ್ ಏರಿಸಿಕೊಂಡ ಮಕ್ಕಳ ಮನೆಯವರನ್ನು, ದೊಡ್ಡ ಉಸಿರು ತುಂಬಿಸಿಕೊಂಡವರ ಹೆಂಡತಿ ಮಕ್ಕಳನ್ನು, "ಇದನ್ನು ಯಾರೂ ಪರೀಕ್ಷಿಸಿ ನೋಡಿಲ್ಲ, ಆಗಬಹುದೇ?" ಎಂದು ಯಾವ ಆಸ್ಪತ್ರೆ ಕೇಳಿತ್ತು?