ರಸತ್ಯಾಗ ಮತ್ತು ಅಡಗಿದ ಸಕ್ಕರೆ

ಬಾಹ್ಯ ತಪಸ್ಸು ಆರು ವಿಧ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನಗಳ ತರುವಾಯ ನಾಲ್ಕನೆಯದಾಗಿ ಉಮಾಸ್ವಾಮಿಗಳು ರಸಪರಿತ್ಯಾಗವನ್ನು ಹೇಳಿದ್ದಾರೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದೇ ಈ ತಪಸ್ಸು. ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಹಿಂದೆ ಸಿಹಿಯನ್ನು ಬಿಡುವುದು ಸರಳವಾಗಿತ್ತು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಎಲ್ಲವೂ ಮನೆಯ ಒಲೆಯ ಬಳಿಯಲ್ಲಿಯೇ ಸಿದ್ಧವಾಗುತ್ತಿದ್ದವು. ಬೆಲ್ಲದ ಡಬ್ಬಿಯನ್ನು ಮುಟ್ಟದಿದ್ದರೆ ನಿಯಮವು ನಡೆಯಿತು.

ಇಂದು ಹಾಗಿಲ್ಲ. ದಶಲಕ್ಷಣ ಪರ್ವದಲ್ಲಿ ಹಿರಿಯ ಶ್ರಾವಿಕೆಯೊಬ್ಬರು ಸಕ್ಕರೆಯನ್ನು ಬಿಟ್ಟಿದ್ದಾರೆಂದು ಭಾವಿಸಬಹುದು. ಚಹವನ್ನು ಸಪ್ಪೆಯಾಗಿಯೇ ಕುಡಿಯುತ್ತಾರೆ. ಜೊತೆಗೆ, ಆರೋಗ್ಯಕ್ಕೆ ಹಿತವೆಂದು ಮಗನು ತಂದ ಗೋಧಿಯ ಬಿಸ್ಕತ್ತು. ಐದನೆಯ ದಿನ ಮೊಮ್ಮಗನು ಪೊಟ್ಟಣವನ್ನು ಓದಿ, “ಅಜ್ಜೀ, ಇದರಾಗೂ ಸಕ್ಕರಿ ಐತಿ” ಎನ್ನುತ್ತಾನೆ. ಆಕೆಯ ನಿಯಮ ಮುರಿಯಿತೇ?

ಜಿನಶಾಸನವು ಕ್ರಿಯೆಯ ಹಿಂದಿನ ಪ್ರಮಾದವನ್ನು ನೋಡುತ್ತದೆ. ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಸೂತ್ರಕಾರರು ಪ್ರಮತ್ತಯೋಗವನ್ನೇ ಮೊದಲಿಗೆ ಇಟ್ಟಿದ್ದಾರೆ. ಅರಿಯದೆ ತಿಂದ ಆ ನಾಲ್ಕು ದಿನಗಳಿಗೆ ಆಲೋಚನೆ, ಪ್ರತಿಕ್ರಮಣಗಳು ಸಾಕು. ಅರಿತ ಮೇಲೆಯೂ “ಅದು ಬಿಸ್ಕತ್ತು, ಸಕ್ಕರೆಯಲ್ಲ” ಎಂದು ತಿಂದರೆ ಮಾತ್ರ ಅದು ಅನಾಚಾರವೇ ಸರಿ.

ಆದರೆ ಅರಿಯುವ ಹೊಣೆ ಯಾರದು? ಪೊಟ್ಟಣದ ಮೇಲಿನ ವಿವರಗಳು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇದ್ದರೆ ಕಾನೂನಿಗೆ ಸಾಕು. ಕನ್ನಡವನ್ನಷ್ಟೇ ಬಲ್ಲ ಆ ಶ್ರಾವಿಕೆ ಓದಲಾರರು. ಓದಬಲ್ಲ ಮಗನು ಓದಲಿಲ್ಲ. ಪ್ರಮಾದವು ಆತನದು. ವ್ರತವು ಒಬ್ಬರದಾದರೂ ಅದರ ಎಚ್ಚರವು ಇಡೀ ಮನೆಯದು.

ಓದುವುದು ಕಷ್ಟವೇನಲ್ಲ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಎರಡು-ಮೂರು ಹೆಸರುಗಳಲ್ಲಿ ಸಕ್ಕರೆ ಬಂದರೆ ಅದು ಅಲ್ಪವಲ್ಲ. ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಗ್ಲೂಕೋಸ್ ಸಿರಪ್, ಇನ್‌ವರ್ಟ್ ಸಿರಪ್ ಇವೂ ಸಕ್ಕರೆಯ ವೇಷಗಳೇ. 2020ರ ಲೇಬಲ್ ನಿಯಮಗಳಂತೆ ಸೇರಿಸಿದ ಸಕ್ಕರೆಯ ಪ್ರಮಾಣವನ್ನೂ ಬೇರೆಯಾಗಿ ನಮೂದಿಸಬೇಕು. ದಿನಕ್ಕೆ 2000 ಕ್ಯಾಲರಿಯ ಆಹಾರದಲ್ಲಿ ಇಂಥ ಸಕ್ಕರೆಯು 50 ಗ್ರಾಮನ್ನು ಮೀರಬಾರದು, 25 ಗ್ರಾಮಿಗೆ ಇಳಿದರೆ ಇನ್ನೂ ಲೇಸು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯ ತಾತ್ಪರ್ಯ. 25 ಗ್ರಾಮೆಂದರೆ ಸುಮಾರು ಆರು ಚಮಚ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಆರೋಗ್ಯದ ಹೆಸರಿನಲ್ಲಿ ಮಾರುವ ಕೆಲವು ತಿನಿಸುಗಳಲ್ಲಿ ಸಕ್ಕರೆಯ ಬದಲು ಜೇನು ಇರುತ್ತದೆ. ಸಕ್ಕರೆಯ ತ್ಯಾಗವು ಕೆಲವು ದಿನಗಳ ನಿಯಮವಾದರೆ, ಮಧುತ್ಯಾಗವು ಸಮಂತಭದ್ರಾಚಾರ್ಯರು ಹೇಳಿದ ಎಂಟು ಮೂಲಗುಣಗಳಲ್ಲಿ ಒಂದು. ಓದದೆ ಕೊಂಡವನು ಚಿಕ್ಕ ನಿಯಮವನ್ನು ಕಾಯಲು ಹೋಗಿ ಶ್ರಾವಕತ್ವದ ಬುಡವನ್ನೇ ಸಡಿಲಿಸಿಯಾನು.

ಅಂಗಡಿಯಲ್ಲಿ ಕುಳಿತ ಶ್ರಾವಕನಿಗೂ ಈ ಮಾತು ಸಲ್ಲುತ್ತದೆ. “ಇದರಲ್ಲಿ ಸಕ್ಕರೆಯಿಲ್ಲ” ಎಂದು ಓದದೆಯೇ ಹೇಳಿದರೆ ಕೊಂಡವರ ನಿಯಮಕ್ಕೆ ಮಾತ್ರವಲ್ಲ, ಹೇಳಿದವನ ಸತ್ಯಾಣುವ್ರತಕ್ಕೂ ಕುಂದು.

ಹಿಂದಿನವರು ನೀರನ್ನು ಸೋಸಿ ಕುಡಿದರು, ಕಾಳನ್ನು ಆರಿಸಿ ಬೇಯಿಸಿದರು. ಪೊಟ್ಟಣವನ್ನು ಓದಿ ಒಳಗೆ ತರುವುದೂ ಅದೇ ಆಚಾರದ ಮುಂದುವರಿಕೆ. ಓದಲು ಬೇಸರವಾದ ದಿನ ರೊಟ್ಟಿ-ಪಲ್ಯಗಳಿದ್ದೇ ಇವೆ. ಅವುಗಳಿಗೆ ಲೇಬಲ್ ಬೇಕಿಲ್ಲ.